ಎಎ ಮೀಟಿಂಗ್ ಹುಡುಕುವುದು, ಒಳಗೆ ಹೋಗಿ ಕೂರುವುದು

ಕುಡಿತ ಬಿಡಲು ಹೊರಟವರಿಗೆ ಸಂಜೆ ಆರರಿಂದ ಎಂಟೂವರೆವರೆಗಿನ ಹೊತ್ತು ದಿನದ ಅತಿ ಕಷ್ಟದ ಹೊತ್ತು. ಕೆಲಸ ಮುಗಿದಿರುತ್ತದೆ, ಹೊಟ್ಟೆ ಹಸಿದಿರುತ್ತದೆ, ಕಾಲು ತಾನಾಗಿಯೇ ವೈನ್ ಶಾಪ್ ಕಡೆ ತಿರುಗುತ್ತದೆ. ಕುಡಿತ ಬಿಡಲು ಹೊರಟವರೇ ಒಟ್ಟಿಗೆ ಕೂತು ಮಾತಾಡುವ ಎಎ ಮೀಟಿಂಗ್‌ಗಳು ಹೆಚ್ಚಾಗಿ ನಡೆಯುವುದೂ ಅದೇ ಹೊತ್ತಿಗೆ. ಮೀಟಿಂಗಿನ ದೊಡ್ಡ ಉಪಯೋಗಗಳಲ್ಲಿ ಇದೂ ಒಂದು: ಬಾರಿನಲ್ಲಿ ಕಳೆಯುತ್ತಿದ್ದ ಆ ಹೊತ್ತಿನಲ್ಲಿ ಕೂರಲು ಬೇರೊಂದು ಕುರ್ಚಿ ಸಿಗುತ್ತದೆ, ಅಕ್ಕಪಕ್ಕ ಅದೇ ಹೊತ್ತಿನ ಕಷ್ಟ ಗೊತ್ತಿರುವವರು ಇರುತ್ತಾರೆ. ಆ ಕುರ್ಚಿಯವರೆಗೆ ಹೋಗುವುದು ಹೇಗೆ ಎನ್ನುವುದನ್ನು ಇಲ್ಲಿ ಬರೆದಿದ್ದೇವೆ.

ಎಎ ಎಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಕುಡಿತದಿಂದ ಹೈರಾಣಾಗಿದ್ದ ಇಬ್ಬರು, ಒಬ್ಬರು ಷೇರುಪೇಟೆಯವರು, ಇನ್ನೊಬ್ಬರು ಸರ್ಜನ್, ಒಬ್ಬರ ಜೊತೆ ಒಬ್ಬರು ಮಾತಾಡುತ್ತಾ ಕುಡಿಯದೆ ಉಳಿದಾಗ ಇದು ಶುರುವಾಯಿತು. ಭಾರತಕ್ಕೆ ಬಂದದ್ದು 1957ರಲ್ಲಿ, ದೆಹಲಿಯ ಮೂಲಕ. ಸದಸ್ಯರಾಗಲು ಇರುವುದು ಒಂದೇ ಷರತ್ತು, ಕುಡಿತ ನಿಲ್ಲಿಸಬೇಕೆಂಬ ಆಸೆ. ಫೀಸಿಲ್ಲ, ಅರ್ಜಿಯಿಲ್ಲ, ಆಧಾರ್ ಕಾರ್ಡ್ ಕೇಳುವುದಿಲ್ಲ. ಹಾಗೆಯೇ ಎಎಯಲ್ಲಿ ಹಾಸಿಗೆಯಿಲ್ಲ, ಡಾಕ್ಟರಿಲ್ಲ, ಔಷಧಿಯಿಲ್ಲ. ಎಎ ಹೆಸರು ಹೇಳಿ ತಿಂಗಳಿಗೆ ಇಷ್ಟು ಸಾವಿರ ಕಟ್ಟಿ ಎಂದರೆ ಅದು ಖಾಸಗಿ ವ್ಯಸನಮುಕ್ತಿ ಕೇಂದ್ರ. ಅದಕ್ಕೆ ಸರ್ಕಾರದ ನೋಂದಣಿ ಇದೆಯೇ, ಒಳಗೆ ಮನೋವೈದ್ಯರು ಇದ್ದಾರೆಯೇ ಎಂದು ಬೇರೆಯಾಗಿಯೇ ವಿಚಾರಿಸಬೇಕು.

ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ? 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿತು. ರೋಗಿಯನ್ನು ಕ್ರಮವಾಗಿ ಎಎಗೆ ಜೋಡಿಸುವ ಚಿಕಿತ್ಸೆ, ಕುಡಿತವನ್ನು ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಉಳಿದ ಸಮಾಲೋಚನಾ ವಿಧಾನಗಳಿಗಿಂತ ಚೆನ್ನಾಗಿ ಫಲ ಕೊಟ್ಟಿತ್ತು. ಇಲ್ಲಿ "ಕ್ರಮವಾಗಿ ಜೋಡಿಸುವ" ಎನ್ನುವ ಮಾತನ್ನು ಗಮನಿಸಿ. ವಿಳಾಸದ ಚೀಟಿ ಕೊಟ್ಟು ಕಳಿಸಿದರೆ ಚೀಟಿ ಜೇಬಿನಲ್ಲೇ ಉಳಿಯುತ್ತದೆ. ಫೋನ್ ಮಾಡಿಸಿ, ದಿನ ಗೊತ್ತುಮಾಡಿ, ಗೇಟಿನ ಹತ್ತಿರ ಒಬ್ಬರು ಕಾಯುವಂತೆ ಮಾಡಿದರೆ ಜನ ಬರುತ್ತಾರೆ.

ಮೊದಲು ಮೈ, ಆಮೇಲೆ ಮೀಟಿಂಗ್

ಈ ಭಾಗವನ್ನು ದಯವಿಟ್ಟು ಬಿಡದೆ ಓದಿ. 180 ಎಂ.ಎಲ್.ನ ಒಂದು ಕ್ವಾರ್ಟರ್ ವಿಸ್ಕಿ ಅಥವಾ ಬ್ರಾಂದಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ದಿನವೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಕುಡಿಯುವವರ ನರಮಂಡಲ ಅದಕ್ಕೆ ಒಗ್ಗಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ, ನಿದ್ದೆಗೇಡು ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಮನೆಯವರ ಗುರುತು ಸಿಗುವುದಿಲ್ಲ, ಜ್ವರ ಏರುತ್ತದೆ. ಇದು ಪ್ರಾಣಕ್ಕೆ ಅಪಾಯ. ದೆವ್ವ ಹಿಡಿದಿದೆ ಎಂದು ತಾಯತ ಕಟ್ಟಿಸಲು ಹೊರಡಬೇಡಿ, 108ಕ್ಕೆ ಫೋನ್ ಮಾಡಿ.

ಬೆಳಿಗ್ಗೆ ಎದ್ದಾಗ ಕೈ ನಡುಗಿ, ಒಂದು ನೈಂಟಿ ಹಾಕಿದ ಮೇಲೆಯೇ ನಡುಕ ನಿಲ್ಲುತ್ತಿದ್ದರೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ, ಡಾಕ್ಟರನ್ನು ನೋಡದೆ ಒಮ್ಮೆಲೇ ನಿಲ್ಲಿಸಬೇಡಿ. ಹಬ್ಬದ ದಿನ ದೇವರ ಮುಂದೆ ಕರ್ಪೂರ ಮುಟ್ಟಿ ಆಣೆ ಮಾಡಿದವರಿಗೆ ಅದೇ ವಾರ ಫಿಟ್ಸ್ ಬರುವುದು ಹೀಗೆಯೇ. ಆಣೆಯಲ್ಲಿ ತಪ್ಪಿಲ್ಲ, ಅದರ ಜೊತೆ ಮಾತ್ರೆ ಇರಲಿಲ್ಲ ಅಷ್ಟೆ. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಇದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಸಾಮಾನ್ಯವಾಗಿ ಕೆಲವು ದಿನ, ಪ್ರಮಾಣವನ್ನು ಇಳಿಸುತ್ತಾ ಹೋಗುವ ಮಾತ್ರೆಯನ್ನೂ ಅದರ ಜೊತೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಅನ್ನೂ ಕೊಡುತ್ತಾರೆ. ಸುಸ್ತಾಗಿದೆ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಬಾಟಲಿ ಹಾಕಿಸುವ ರೂಢಿ ಇದೆ. ಬಹಳ ದಿನ ಕುಡಿದವರಲ್ಲಿ ಬಿ1 ಖಾಲಿಯಾಗಿರುವುದರಿಂದ, ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಕ್ಲಿನಿಕ್ಕಿನ ಡಾಕ್ಟರಿಗೆ ಕುಡಿತದ ವಿಷಯ ಮುಚ್ಚಿಡದೆ ಹೇಳಿ, ದಿನಕ್ಕೆ ಎಷ್ಟು ಎಂಬ ಲೆಕ್ಕ ಸಮೇತ.

ಇನ್ನೂ ಕುಡಿಯುತ್ತಿದ್ದೇನೆ, ಮೀಟಿಂಗ್‌ಗೆ ಹೋಗಬಹುದೇ ಎಂದು ಹಲವರು ಕೇಳುತ್ತಾರೆ. ಹೋಗಬಹುದು. ಆ ದಿನ ಕುಡಿದಿದ್ದರೆ ಮಾತಾಡದೆ ಕೇಳಿಸಿಕೊಳ್ಳಿ ಎಂದಷ್ಟೇ ಹೇಳುತ್ತಾರೆ.

ಎಲ್ಲಿ ಹುಡುಕುವುದು

ಎಎಯ ಭಾರತದ ಕೇಂದ್ರ ಕಚೇರಿ ಮುಂಬೈಯಲ್ಲಿದೆ. ಅದರ ವೆಬ್‌ಸೈಟಿನಲ್ಲಿ ಊರುವಾರು ಗುಂಪುಗಳ ಪಟ್ಟಿಯೂ ಸಹಾಯವಾಣಿಯೂ ಇವೆ. ಮೊದಲು ಅಲ್ಲಿ ನೋಡಿ. ಮ್ಯಾಪಿನಲ್ಲಿ ಕಾಣುವ ಹೆಸರನ್ನು ನಂಬಿ ನೇರ ಹೊರಡಬೇಡಿ. ಗುಂಪುಗಳು ಕೋಣೆ ಬದಲಿಸುತ್ತಿರುತ್ತವೆ, ಹಳೆಯ ವಿಳಾಸ ಮ್ಯಾಪಿನಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ. ಒಮ್ಮೆ ಬೀಗ ಹಾಕಿದ ಬಾಗಿಲು ನೋಡಿ ವಾಪಸ್ ಬಂದವರು ಎರಡನೇ ಸಲ ಹೊರಡುವುದು ಕಷ್ಟ, ಬರುವ ದಾರಿಯಲ್ಲಿ ಬಾರೂ ಇರುತ್ತದೆ.

ಎರಡನೆಯ ದಾರಿ ಆಸ್ಪತ್ರೆ. ಮಾನಸಿಕ ಆರೋಗ್ಯ ವಿಭಾಗದ ಆಪ್ತಸಮಾಲೋಚಕರಿಗೆ ಸುತ್ತಲಿನ ಗುಂಪುಗಳ ಪರಿಚಯ ಸಾಮಾನ್ಯವಾಗಿ ಇರುತ್ತದೆ. "ವಿಳಾಸ ಕೊಡಿ" ಎನ್ನುವ ಬದಲು "ಇಲ್ಲಿಂದಲೇ ಒಂದು ಫೋನ್ ಮಾಡಿ ಮಾತಾಡಿಸ್ತೀರಾ ಮೇಡಂ?" ಎಂದು ಕೇಳಿ. ಕನ್ನಡದಲ್ಲಿ ಉಚಿತವಾಗಿ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಸಿಗುತ್ತದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಇವೆರಡೂ ಎಎಗೆ ಸೇರಿದವಲ್ಲ, ಆದರೆ ಹತ್ತಿರದ ಚಿಕಿತ್ಸೆ ಎಲ್ಲಿದೆ ಎಂದು ತಿಳಿಯಲು ನೆರವಾಗುತ್ತವೆ.

ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಹಲವು ಗುಂಪುಗಳು ಚರ್ಚ್ ಆವರಣದಲ್ಲೋ ಶಾಲೆಯ ಕೋಣೆಯಲ್ಲೋ ಸೇರುತ್ತವೆ. ಸಂಜೆ ಹೊತ್ತು ಖಾಲಿ ಇರುವ, ಕಡಿಮೆ ಬಾಡಿಗೆಗೆ ಸಿಗುವ ಕೋಣೆ ಅಂಥ ಕಡೆ ಇರುತ್ತದೆ ಎನ್ನುವುದೇ ಕಾರಣ. ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ, ಮತಾಂತರದ ಮಾತು ಅಲ್ಲಿ ಬರುವುದಿಲ್ಲ. ಮನೆಯಲ್ಲಿ ಇದರ ಬಗ್ಗೆ ಅಳುಕಿದ್ದರೆ ಮೊದಲೇ ಹೇಳಿಬಿಡಿ.

ಫೋನಿನಲ್ಲಿ ಏನು ಕೇಳಬೇಕು

ಫೋನ್ ಎತ್ತುವವರು ತಾವೂ ಒಂದು ಕಾಲಕ್ಕೆ ಕುಡಿಯುತ್ತಿದ್ದವರೇ. ಮಾತು ಹೆಚ್ಚು ಕಡಿಮೆ ಹೀಗಿರುತ್ತದೆ:

"ನಮಸ್ಕಾರ ಸರ್. ಎಎ ಮೀಟಿಂಗ್ ಬಗ್ಗೆ ಕೇಳ್ಬೇಕಿತ್ತು."
"ಹೇಳಿ ಸರ್. ನಿಮಗೋಸ್ಕರನಾ, ಮನೆಯವರಿಗೋಸ್ಕರನಾ?"
"ನನಗೇ."
"ಒಳ್ಳೇದಾಯ್ತು ಫೋನ್ ಮಾಡಿದ್ದು. ಹೆಸರು ಹೇಳ್ಬೇಕು ಅಂತೇನಿಲ್ಲ. ಯಾವ ಏರಿಯಾ ನಿಮ್ದು?"

ಇಲ್ಲಿಂದ ಮುಂದೆ ನೀವು ಐದು ವಿಷಯ ಬರೆದುಕೊಳ್ಳಬೇಕು. ಇವತ್ತು ಅಥವಾ ನಾಳೆ ಮೀಟಿಂಗ್ ಖಚಿತವಾಗಿ ಇದೆಯೇ. ಯಾವ ಗೇಟು, ಎಷ್ಟನೇ ಮಹಡಿ, ಯಾವ ಕೋಣೆ. ಚರ್ಚಿನ ಮುಂಬಾಗಿಲು ಬೇರೆ, ಮೀಟಿಂಗ್ ಕೋಣೆಯ ಪಕ್ಕದ ಗೇಟು ಬೇರೆ ಇರುವುದುಂಟು. ಯಾವ ಭಾಷೆ, ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳು ಗುಂಪುಗಳು ಬೇರೆಬೇರೆ ಇವೆ. ಓಪನ್ ಮೀಟಿಂಗೋ ಕ್ಲೋಸ್ಡ್ ಮೀಟಿಂಗೋ. ಓಪನ್ ಆದರೆ ಹೆಂಡತಿ, ಅಣ್ಣ, ಗೆಳೆಯ ಯಾರೂ ಜೊತೆಗೆ ಬಂದು ಕೂರಬಹುದು, ಕ್ಲೋಸ್ಡ್ ಆದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಕೊನೆಯದು, ಗೇಟಿನ ಹತ್ತಿರ ಯಾರಾದರೂ ಸಿಗುತ್ತಾರೆಯೇ. ಸಂಕೋಚಪಡದೆ ಕೇಳಿ. ಮೊದಲ ಸಲ ಗೇಟಿನವರೆಗೆ ಬಂದು, ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಒಂದು ಸಿಗರೇಟು ಸೇದಿ, ಹಾಗೇ ವಾಪಸ್ ಹೋಗುವವರು ಎಷ್ಟೋ ಜನ. ಒಬ್ಬರು ಕಾಯುತ್ತಿದ್ದಾರೆ ಎಂದು ಗೊತ್ತಿದ್ದರೆ ಆ ಕೊನೆಯ ಇಪ್ಪತ್ತು ಹೆಜ್ಜೆ ಹಗುರ.

ಹೊರಡುವ ಮುಂಚೆ

ಐದೂವರೆ, ಆರಕ್ಕೆ ಏನಾದರೂ ತಿನ್ನಿ. ಎರಡು ಇಡ್ಲಿ, ಒಂದು ಪ್ಲೇಟ್ ಉಪ್ಪಿಟ್ಟು, ಏನೂ ಇಲ್ಲದಿದ್ದರೆ ಎರಡು ಬಾಳೆಹಣ್ಣು. ಹಸಿವು ಕುಡಿಯುವ ಚಪಲದಂತೆಯೇ ಅನಿಸುತ್ತದೆ, ಹೊಟ್ಟೆ ತುಂಬಿದರೆ ಅರ್ಧ ಇಳಿಯುತ್ತದೆ. ಜೇಬಿನಲ್ಲಿ ಬಸ್ ಚಾರ್ಜು, ಟೀ ಕಾಸು ಇದ್ದರೆ ಸಾಕು. ಯುಪಿಐ ಇರುವ ಖಾತೆಯಲ್ಲೂ ಅಷ್ಟೇ ಇಟ್ಟು ಉಳಿದದ್ದನ್ನು ಮನೆಯವರ ಖಾತೆಗೆ ಹಾಕಿಡಿ, ಮೊದಲ ತಿಂಗಳು ಮಾತ್ರವಾದರೂ. ಎಂದಿನ ಬಾರ್ ಇರುವ ರಸ್ತೆ ಬಿಟ್ಟು, ಐದು ನಿಮಿಷ ಸುತ್ತಾದರೂ ಬೇರೆ ದಾರಿ ಹಿಡಿಯಿರಿ.

ಹತ್ತು ಹದಿನೈದು ನಿಮಿಷ ಮುಂಚೆ ಹೋಗಿ. ತಡವಾಗಿ ಹೋದರೆ ಎಲ್ಲರೂ ಕೂತಿರುತ್ತಾರೆ, ಬಾಗಿಲು ಕಿರ್ ಎನ್ನುತ್ತದೆ, ಹತ್ತು ತಲೆ ತಿರುಗುತ್ತವೆ. ಮುಂಚೆ ಹೋದರೆ ಕುರ್ಚಿ ಹಾಕುವ ಕೆಲಸ ಇರುತ್ತದೆ. ನಾಲ್ಕು ಕುರ್ಚಿ ಎತ್ತಿ ಇಟ್ಟವರಿಗೆ ತಾನು ಹೊಸಬ ಎನ್ನುವ ಮುಜುಗರ ಎಷ್ಟೋ ಕಡಿಮೆಯಾಗಿರುತ್ತದೆ. ಪರಿಚಯದವರು ಕಂಡರೆ ಏನು ಗತಿ ಎಂಬ ಭಯ ಸಹಜ. ಕಂಡರೆ, ಅವರೂ ಅದೇ ಕಾರಣಕ್ಕೆ ಅಲ್ಲಿಗೆ ಬಂದಿರುತ್ತಾರೆ.

ಒಳಗೆ ಏನು ನಡೆಯುತ್ತದೆ

ಒಂದರಿಂದ ಒಂದೂವರೆ ಗಂಟೆ. ಕ್ರಮ ಗುಂಪಿನಿಂದ ಗುಂಪಿಗೆ ಸ್ವಲ್ಪ ಬೇರೆ, ಮೂಲ ಒಂದೇ. ಆ ದಿನ ನಡೆಸಿಕೊಡುವವರು ಮೇಜಿನ ಹಿಂದೆ ಕೂತಿರುತ್ತಾರೆ. ಒಂದು ನಿಮಿಷ ಮೌನ, ಚಿಕ್ಕ ಪ್ರಾರ್ಥನೆ, ಎಎ ಎಂದರೇನು ಎಂಬ ನಾಲ್ಕೈದು ಸಾಲಿನ ಓದು, ಕುಡಿಯದೆ ಬದುಕಲು ಎಎ ತೋರಿಸುವ ಹನ್ನೆರಡು ಹೆಜ್ಜೆಗಳ ಓದು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೆಸರು ಹೇಳಿ, "ನಾನೊಬ್ಬ ಆಲ್ಕೊಹಾಲಿಕ್" ಎಂದು ಮಾತು ಶುರುಮಾಡುತ್ತಾರೆ. ಇದಕ್ಕೆ ಶೇರಿಂಗ್ ಎನ್ನುತ್ತಾರೆ. ಒಬ್ಬರು ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಮುಗಿದ ಮೇಲೂ "ನೀವು ಹೀಗೆ ಮಾಡಬೇಕಿತ್ತು" ಎನ್ನುವುದಿಲ್ಲ. ಬುದ್ಧಿಮಾತು ಕೇಳಿ ಕೇಳಿ ಕಿವಿ ಮುಚ್ಚಿಕೊಂಡವರಿಗೆ ಈ ಮೌನವೇ ದೊಡ್ಡ ಉಪಕಾರ.

ಹೊಸಬರು ಇದ್ದೀರಾ ಎಂದು ಕೇಳಿದಾಗ ಕೈ ಎತ್ತಿ. "ನನ್ನ ಹೆಸರು ಇಂಥದ್ದು, ಇವತ್ತು ಕೇಳೋಕೆ ಬಂದಿದೀನಿ" ಎಂದರೆ ಸಾಕು. ಬೇರೆ ಹೆಸರು ಹೇಳಿದರೂ ಯಾರೂ ಪ್ರಶ್ನಿಸುವುದಿಲ್ಲ. ಊರು, ಜಾತಿ, ಕೆಲಸ ಹೇಳಬೇಕಾಗಿಲ್ಲ. ಕಾಣಿಕೆ ಚೀಲ ಅಥವಾ ಡಬ್ಬಿ ಬಂದಾಗ ಹೊಸಬರು ಹಾಗೇ ದಾಟಿಸಬಹುದು. ಆ ದುಡ್ಡು ಕೋಣೆ ಬಾಡಿಗೆ, ಟೀಗೆ ಹೋಗುತ್ತದೆ. ಹೊರಗಿನವರಿಂದ ಎಎ ದೇಣಿಗೆ ತೆಗೆದುಕೊಳ್ಳುವುದಿಲ್ಲ. ದೇವರ ಮಾತು ಹಲವರಿಗೆ ಅಡ್ಡ ಬರುತ್ತದೆ. ಹೆಜ್ಜೆಗಳಲ್ಲೇ ದೇವರ ಹೆಸರಿನ ಜೊತೆ "ನಾವು ಅರಿತುಕೊಂಡ ಹಾಗೆ" ಎಂಬ ಮಾತು ಇದೆ. ದೇವರನ್ನು ನಂಬದವರು ಗುಂಪನ್ನೇ ತಮ್ಮ ಆಸರೆ ಎಂದು ಇಟ್ಟುಕೊಂಡು ವರ್ಷಗಟ್ಟಲೆ ಕುಡಿಯದೆ ಉಳಿದಿದ್ದಾರೆ.

ಮೀಟಿಂಗ್ ಮುಗಿದ ಕೂಡಲೇ ಓಡಬೇಡಿ. ಟೀ ಲೋಟ ಹಿಡಿದು ನಿಂತ ಆ ಹದಿನೈದು ನಿಮಿಷ ಒಳಗಿನ ಒಂದು ಗಂಟೆಯಷ್ಟೇ ಮುಖ್ಯ. ಕನಿಷ್ಠ ಮೂರು ಜನರ ಫೋನ್ ನಂಬರು ತೆಗೆದುಕೊಳ್ಳಿ. ಮರುದಿನ, ಏನೂ ತೊಂದರೆ ಇಲ್ಲದ ಹೊತ್ತಿನಲ್ಲೇ ಒಬ್ಬರಿಗೆ ಫೋನ್ ಮಾಡಿ, "ನಿನ್ನೆ ಬಂದಿದ್ನಲ್ಲ ಅಣ್ಣ, ಸುಮ್ಮನೆ ಮಾಡಿದೆ" ಅನ್ನಿ. ಒಮ್ಮೆಯೂ ಮಾಡದ ನಂಬರಿಗೆ ಚಪಲ ಎದ್ದ ಹೊತ್ತಿನಲ್ಲಿ ಫೋನ್ ಮಾಡಲು ಬೆರಳು ಏಳುವುದಿಲ್ಲ. ಚಪಲದ ಅಲೆ ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ಫೋನಿನಲ್ಲಿ ಮಾತಾಡುತ್ತಿದ್ದರೆ ದಾಟಿದಿರಿ.

ಎಷ್ಟು ಮೀಟಿಂಗ್, ಯಾವ ಗುಂಪು

ಒಂದೇ ಮೀಟಿಂಗ್ ನೋಡಿ ತೀರ್ಮಾನಿಸಬೇಡಿ. ಎರಡು ಮೂರು ಬೇರೆ ಗುಂಪುಗಳಲ್ಲಿ ಸೇರಿ ಕನಿಷ್ಠ ಆರು ಮೀಟಿಂಗ್ ಕೂತು ನೋಡಿ. ಒಂದು ಗುಂಪಿನಲ್ಲಿ ಹಿರಿಯರೇ ಹೆಚ್ಚು, ಇನ್ನೊಂದರಲ್ಲಿ ಐಟಿ ಕೆಲಸದ ಹುಡುಗರು, ಮತ್ತೊಂದರಲ್ಲಿ ಆಟೋ ಓಡಿಸುವವರು, ಗಾರೆ ಕೆಲಸದವರು. ಮಾತು ಮೈಗೆ ತಾಗುವ ಗುಂಪನ್ನು ನಿಮ್ಮದು ಮಾಡಿಕೊಳ್ಳಿ. ಮೊದಲ ಮೂರು ತಿಂಗಳು ಸಾಧ್ಯವಾದರೆ ದಿನವೂ ಹೋಗಿ ಎನ್ನುವುದು ಎಎಯಲ್ಲಿ ಹಳೆಯ ರೂಢಿ. ತೊಂಬತ್ತು ದಿನಕ್ಕೆ ತೊಂಬತ್ತು ಮೀಟಿಂಗ್. ತಾಲೂಕು ಊರಿನವರಿಗೆ ಇದು ಆಗದ ಮಾತು. ವಾರಕ್ಕೆ ಒಂದು ನೇರ ಮೀಟಿಂಗ್, ಉಳಿದ ದಿನ ಝೂಮ್‌ನಲ್ಲಿ ನಡೆಯುವ ಆನ್‌ಲೈನ್ ಮೀಟಿಂಗ್ ಎಂದು ಹೊಂದಿಸಿಕೊಳ್ಳಬಹುದು. ಹೊರದೇಶದ ಕನ್ನಡಿಗರಿಗೂ ಇದು ಅನುಕೂಲ: ಇಲ್ಲಿಯ ರಾತ್ರಿ ಎಂಟು ಗಂಟೆ ದುಬೈಯಲ್ಲಿ ಸಂಜೆ ಆರೂವರೆ. ಆದರೆ ಬರೀ ಆನ್‌ಲೈನ್ ಸಾಲದು. ಕ್ಯಾಮೆರಾ ಆಫ್ ಮಾಡಿ ಗ್ಲಾಸ್ ಹಿಡಿಯುವುದು ಸುಲಭ.

ಕೆಲವು ವಾರ ಕಳೆದ ಮೇಲೆ ಸ್ಪಾನ್ಸರ್, ಅಂದರೆ ನಿಮ್ಮನ್ನು ಕೈಹಿಡಿದು ನಡೆಸುವ ಹಳೆಯ ಸದಸ್ಯರೊಬ್ಬರನ್ನು ಹುಡುಕಿಕೊಳ್ಳಿ. ಕನಿಷ್ಠ ಒಂದು ವರ್ಷ ಕುಡಿಯದೆ ಇರುವವರು, ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು. ಹನ್ನೆರಡು ಹೆಜ್ಜೆಗಳ ಕೆಲಸ ಮಾಡಿಸುವವರು ಅವರೇ. ಹೊಂದದಿದ್ದರೆ ಬದಲಿಸಬಹುದು, ಯಾರೂ ಬೇಜಾರು ಮಾಡಿಕೊಳ್ಳಬಾರದು.

ಎಡವುವುದು ಎಲ್ಲಿ

ಮೊದಲನೆಯದು ಹೋಲಿಕೆ. "ಅವನು ಮನೆ ಮಾರಿ ಕುಡಿದವನು, ನಾನು ಅಷ್ಟಿಲ್ಲ" ಎಂದು ಎದ್ದು ಬಂದವರು ಮನೆ ಮಾರುವ ಹಂತಕ್ಕೆ ತಲುಪಿ ಮತ್ತೆ ಬರುತ್ತಾರೆ. ಕೇಳುವಾಗ ವ್ಯತ್ಯಾಸ ಹುಡುಕದೆ, ನಿಮ್ಮದೇ ಅನಿಸುವ ಒಂದು ಮಾತನ್ನು ಹುಡುಕಿ.

ಎರಡನೆಯದು ಔಷಧಿ. ಯಾರೋ ಸದಸ್ಯರು "ಮಾತ್ರೆ ಎಲ್ಲ ಬಿಡಿ, ಮೀಟಿಂಗ್ ಸಾಕು" ಅನ್ನುತ್ತಾರೆ. ಅದು ಎಎಯ ನಿಲುವಲ್ಲ. ಖಿನ್ನತೆಗೋ ಚಪಲ ತಗ್ಗಿಸಲೋ ಡಾಕ್ಟರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ. ಕುಡಿದರೆ ಮೈಗೆ ಆಗದಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುವವರು ಕೆಮ್ಮಿನ ಸಿರಪ್, ಅರಿಷ್ಟ, ಆಸವಗಳ ಬಗ್ಗೆ ಎಚ್ಚರವಾಗಿರಬೇಕು. ಅವುಗಳಲ್ಲೂ ಆಲ್ಕೊಹಾಲ್ ಇರಬಹುದು, ಇದ್ದರೆ ಮೈ ಕೆಂಪಾಗಿ ಎದೆ ಡವಗುಟ್ಟಿ ವಾಂತಿಯಾಗುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಪರಿಣಾಮ ಉಳಿಯಬಹುದು.

ಮೂರನೆಯದೇ ಹೆಚ್ಚು ಜನರನ್ನು ಕಳೆಯುವುದು: ಮತ್ತೆ ಕುಡಿದ ಮೇಲೆ ನಾಚಿಕೆಯಿಂದ ಮುಖ ತೋರಿಸದಿರುವುದು. ಸ್ಲಿಪ್ ಆದ ಮರುದಿನವೇ ಹೋಗಿ, ಹಿಂದಿನ ಸಾಲಿನಲ್ಲಾದರೂ ಕೂರಿ. ಆ ಕೋಣೆಯಲ್ಲಿ ಹಾಗೆ ವಾಪಸ್ ಬಂದವರೇ ಬಹಳ ಜನ, "ಬಂದಿದ್ದು ಒಳ್ಳೇದಾಯ್ತು" ಎನ್ನುವುದಕ್ಕಿಂತ ಹೆಚ್ಚಿಗೆ ಏನೂ ಅನ್ನುವುದಿಲ್ಲ. ಇನ್ನು ಸಾಲದ ವಿಷಯ: ಗುಂಪಿನವರಿಂದ ದುಡ್ಡು ಇಸಿದುಕೊಳ್ಳಬೇಡಿ, ಕೊಡಲೂ ಬೇಡಿ. ಸಾಲ ತೀರದ ದಿನ ಮೀಟಿಂಗೂ ತಪ್ಪುತ್ತದೆ.

ಹೆಣ್ಣುಮಕ್ಕಳಿಗೆ ಈ ದಾರಿ ಇನ್ನೂ ಕಡಿದು. ಕೋಣೆ ತುಂಬ ಗಂಡಸರೇ ಇರುವ ಗುಂಪುಗಳು ಹೆಚ್ಚು. ಫೋನಿನಲ್ಲೇ "ಮಹಿಳಾ ಸದಸ್ಯರ ಹತ್ತಿರ ಮಾತಾಡಿಸಿ" ಎಂದು ಕೇಳಿ, ಅವರಿರುವ ಮೀಟಿಂಗ್‌ಗೆ ಅವರ ಜೊತೆಯಲ್ಲೇ ಹೋಗಿ. ಮಹಿಳೆಯರ ಆನ್‌ಲೈನ್ ಮೀಟಿಂಗ್‌ಗಳೂ ಇವೆ. ಗುಂಪಿನ ಗಂಡಸೊಬ್ಬ ಸಹಾಯದ ನೆಪದಲ್ಲಿ ರಾತ್ರಿ ಮೆಸೇಜು ಕಳಿಸತೊಡಗಿದರೆ ಸಹಿಸಬೇಕಿಲ್ಲ. ಹಿರಿಯ ಸದಸ್ಯೆಗೆ ಹೇಳಿ, ಗುಂಪು ಬದಲಿಸಿ.

ಮನೆಯವರಿಗೆ

ಗೋಡೆ ಬರಹಗಳಲ್ಲಿ, ಬಸ್ ನಿಲ್ದಾಣದ ಚೀಟಿಗಳಲ್ಲಿ "ರೋಗಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ" ಎಂಬ ಪುಡಿಯ ಜಾಹೀರಾತು ನೋಡಿರುತ್ತೀರಿ. ಸಾರಿನಲ್ಲಿ ಬೆರೆಸಬೇಡಿ. ಅದರಲ್ಲಿ ಡೈಸಲ್ಫಿರಾಮ್ ಇದ್ದು, ಗೊತ್ತಿಲ್ಲದೆ ಅವರು ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಮುಳುವಾಗಬಹುದು. ಆ ಮಾತ್ರೆ, ತೆಗೆದುಕೊಳ್ಳುವವರಿಗೆ ತಿಳಿಸಿಯೇ ಕೊಡಬೇಕಾದದ್ದು.

ಮನೆಯವರಿಗೇ ಬೇರೆ ಗುಂಪಿದೆ: ಅಲ್-ಅನಾನ್, 1951ರಿಂದ ಇರುವಂಥದ್ದು. ಕುಡಿಯುವವರು ಬಿಡಲಿ ಬಿಡದಿರಲಿ, ಹೆಂಡತಿ, ತಾಯಿ, ಗಂಡ ಅಲ್ಲಿಗೆ ಹೋಗಬಹುದು. ಬಾಟಲಿ ಬಚ್ಚಿಡುವುದು, ಆಫೀಸಿಗೆ "ಜ್ವರ ಸರ್" ಎಂದು ಸುಳ್ಳು ಹೇಳುವುದು, ಬಾರಿನ ಸಾಲ ತೀರಿಸುವುದು, ಇವನ್ನೆಲ್ಲ ಹೇಗೆ ನಿಲ್ಲಿಸುವುದು ಎಂದು ಅಲ್ಲಿ ಒಬ್ಬರಿಂದ ಒಬ್ಬರು ಕಲಿಯುತ್ತಾರೆ.

ಹತ್ತಿರದಲ್ಲಿ ಎಎ ಇಲ್ಲದಿದ್ದರೆ

ಕರ್ನಾಟಕದ ಹಳ್ಳಿಗಳಲ್ಲಿ ಎಎಗಿಂತ ಹೆಚ್ಚು ಪರಿಚಿತವಾದದ್ದು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ಊರಿನ ಸಭಾಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನ ಅಲ್ಲೇ ಉಳಿದು ಮಾಡುವ ಶಿಬಿರ. ಮುಂದಿನದು ಯಾವಾಗ, ಎಲ್ಲಿ ಎಂದು ಯೋಜನೆಯ ತಾಲೂಕು ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಫಿಟ್ಸ್, ಲಿವರ್, ಸಕ್ಕರೆ ಕಾಯಿಲೆ ಇದ್ದರೆ ಹೆಸರು ಕೊಡುವಾಗಲೇ ತಿಳಿಸಿ, ಡಾಕ್ಟರ ಚೀಟಿ ಜೊತೆಗಿರಲಿ. ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿ ಎಂಬ ಗುಂಪುಗಳಿವೆ. ಹಾರ ಹಾಕಿಸಿಕೊಂಡು ಮನೆಗೆ ಬಂದವರು ಸಮಿತಿಯ ಸಭೆಗೆ ಹೋಗದಿದ್ದರೆ ಜಾತ್ರೆಯೋ ಮದುವೆಯೋ ಬರುವಷ್ಟರಲ್ಲಿ ಮತ್ತೆ ಜಾರುತ್ತಾರೆ. ಶಿಬಿರಕ್ಕೆ ಹೆಸರು ಕೊಡುವ ದಿನವೇ ನಿಮ್ಮೂರಿನ ಸಮಿತಿ ಯಾವ ದಿನ ಸೇರುತ್ತದೆ ಎಂದೂ ಕೇಳಿಟ್ಟುಕೊಳ್ಳಿ.

ಅದೂ ಇಲ್ಲವೆಂದರೆ ಎಎ ಗುಂಪನ್ನು ನೀವೇ ಶುರುಮಾಡಬಹುದು. ಕುಡಿಯದೆ ಇರಲು ಸೇರಿದ ಇಬ್ಬರು ಮೂವರಿದ್ದರೆ ಅದು ಗುಂಪು. ಮುಂಬೈಯ ಕಚೇರಿಗೆ ತಿಳಿಸಿದರೆ ಪುಸ್ತಕ, ಕರಪತ್ರಗಳ ವಿಷಯದಲ್ಲಿ ನೆರವಾಗುತ್ತಾರೆ, ಹತ್ತಿರದ ಊರಿನ ಹಳೆಯ ಗುಂಪಿನ ಸಂಪರ್ಕವೂ ಸಿಗುತ್ತದೆ. ಶಾಲೆಯ ಒಂದು ಕೋಣೆ, ಬೀಗದ ಕೈ ಒಬ್ಬರ ಹತ್ತಿರ, ಎರಡನೇ ಕೈ ಇನ್ನೊಬ್ಬರ ಹತ್ತಿರ, ಹತ್ತು ಕುರ್ಚಿ, ಒಂದು ಟೀ ಫ್ಲಾಸ್ಕ್. ಬಾಡಿಗೆ ನೂರಾದರೂ ಸರಿ, ಕೊಟ್ಟೇ ಕೋಣೆ ತೆಗೆದುಕೊಳ್ಳಿ, ಬಿಟ್ಟಿ ಕೋಣೆಯಿಂದ ಒಂದು ದಿನ ಎಬ್ಬಿಸುತ್ತಾರೆ. ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೂ ಪೊಲೀಸ್ ಠಾಣೆಗೂ ಮೀಟಿಂಗಿನ ವಿಳಾಸ ಬರೆದ ಒಂದೊಂದು ಚೀಟಿ ಕೊಟ್ಟು ಬನ್ನಿ. ದಿನ ಮತ್ತು ಹೊತ್ತು ಮಾತ್ರ ಒಮ್ಮೆ ಗೊತ್ತು ಮಾಡಿದ ಮೇಲೆ ಬದಲಿಸಬೇಡಿ. ಎಷ್ಟೋ ವಾರ ಇಬ್ಬರೇ ಎದುರು ಬದುರು ಕೂತು ಏಳುವಂತಾಗಬಹುದು. ಆಗಲೂ ಬುಧವಾರ ಆರೂವರೆ ಎಂದರೆ ಬುಧವಾರ ಆರೂವರೆಗೆ ಆ ಕೋಣೆಯ ಲೈಟು ಹಾಕಿರಬೇಕು, ಬಾಗಿಲು ತೆರೆದಿರಬೇಕು. ಚೀಟಿ ಹಿಡಿದುಕೊಂಡು ಗೇಟಿನ ಹೊರಗೆ ನಿಂತವರು ನೋಡುವುದು ಅದನ್ನೇ.